ರಾತ್ರಿ ಹತ್ತು ಸಲ ಹೊದಿಸಿದರೆ ಹನ್ನೊಂದು ಸಲ ಒದೆಯುವ ಮಗು: ಚಳಿಗೆ ನೀವೆಲ್ಲ ಏನು ಮಾಡುತ್ತೀರಿ?

ಪುಟ್ಟಿಯಮ್ಮ
ಜನವರಿ 6, ರಾತ್ರಿ 11.50

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿ ಹೋಗುತ್ತಿದ್ದೆ. ಈಗ ನಾನೇ ಕೇಳಬೇಕಾಗಿ ಬಂದಿದೆ.

ನಾವು ಉಡುಪಿ ಕಡೆಯವರು. ನಮ್ಮವರಿಗೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಆಗಿ ಜೂನ್‌ನಲ್ಲಿ ಮಡಿಕೇರಿಗೆ ಬಂದೆವು. ಮಳೆಗಾಲ ಹೇಗೋ ಕಳೆಯಿತು. ಈಗ ಚಳಿಯ ಕಾಟ. ಊರಲ್ಲಿ ಮಗುವಿಗೆ ಬರೀ ಚಡ್ಡಿ ಹಾಕಿ ಫ್ಯಾನ್ ಕೆಳಗೆ ಮಲಗಿಸಿದರೂ ಬೆವರುತ್ತಿತ್ತು. ಇಲ್ಲಿ ಬೆಳಗಿನ ಜಾವ 3 ಗಂಟೆಗೆ ರೂಮಿನ ಥರ್ಮಾಮೀಟರ್ 15 ಡಿಗ್ರಿ ತೋರಿಸುತ್ತದೆ ಮಾರಾಯ್ರೆ. ನನಗೇ ಹಲ್ಲು ಕಟಕಟ ಅನ್ನುತ್ತದೆ.

ಮಗಳಿಗೆ 20 ತಿಂಗಳು. ನಿದ್ದೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾಳೆ. ಪೂರ್ವಕ್ಕೆ ತಲೆ ಇಟ್ಟು ಮಲಗಿಸಿದರೆ ಎರಡು ಗಂಟೆಯಲ್ಲಿ ಉತ್ತರಕ್ಕೆ ತಲೆ ಇಟ್ಟಿರುತ್ತಾಳೆ. ನಮ್ಮ ಅತ್ತೆ ನೋಡಿದರೆ ಎದೆ ಬಡಿದುಕೊಳ್ಳುತ್ತಾರೆ.

ಹಾಕುವ ಬಟ್ಟೆ ಹೇಳುತ್ತೇನೆ. ಬನಿಯನ್, ಅದರ ಮೇಲೆ ಥರ್ಮಲ್, ಅದರ ಮೇಲೆ ಉಲ್ಲನ್ ಸ್ವೆಟರ್. ಕಾಲಿಗೆ ಸಾಕ್ಸ್, ತಲೆಗೆ ಕುಲಾವಿ. ಇದರ ಮೇಲೆ ದಪ್ಪದ ಮಿಂಕ್ ರಗ್ಗು. ನಿನ್ನೆ ಎಣಿಸಿದೆ, 14 ಸಲ ಹೊದಿಸಿದ್ದೇನೆ. ಹೊದಿಸಿದ ಎರಡೇ ನಿಮಿಷಕ್ಕೆ ಕಾಲೆತ್ತಿ ಒದ್ದು ಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಮುಟ್ಟಿ ನೋಡಿದರೆ ಕೈಕಾಲು ಮಂಜುಗಡ್ಡೆ. 3 ಗಂಟೆ ಆಸುಪಾಸಿಗೆ ಅಳುತ್ತಾ ಏಳುತ್ತಾಳೆ. ಆಮೇಲೆ ಯಾರಿಗೂ ನಿದ್ದೆ ಇಲ್ಲ. ಮೂಗು ಬೇರೆ ಕಟ್ಟಿದೆ.

ಪಕ್ಕದ ಮನೆ ಆಂಟಿ ಹೀಟರ್ ತನ್ನಿ ಅಂದರು. ಹಾಲಿನವರು ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡಿ ಅಂದರು. ಅತ್ತೆ ಫೋನ್ ಮಾಡಿದಾಗೆಲ್ಲ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಹಚ್ಚು ಅನ್ನುತ್ತಾರೆ. ನಮ್ಮವರದು ಇನ್ನೂ ಒಂದು ಕೈ ಮೇಲೆ. ರಗ್ಗನ್ನು ಹಾಸಿಗೆಗೆ ಸೇಫ್ಟಿ ಪಿನ್ ಹಾಕಿ ಬಿಗಿದು ಬಿಡೋಣ ಅಂತೆ. ಯಾವುದು ಮಾಡಲಿ, ಯಾವುದು ಬಿಡಲಿ?

*

ನಿದ್ದೆಗೆಟ್ಟ ಅಪ್ಪ
ಜನವರಿ 7, ರಾತ್ರಿ 12.25

ಈ ಹೊತ್ತಿನಲ್ಲಿ ನಾನು ಎದ್ದಿದ್ದೇನೆ ಅಂದರೆ ಗೊತ್ತಾಗಲಿಲ್ವಾ, ನಿಮ್ಮ ಮನೆ ಕಥೆಯೇ ನಮ್ಮ ಮನೆಯದೂ. ಬೆಂಗಳೂರು, ಮಗ, 2 ವರ್ಷ.

ಪಿನ್ ಮಾತ್ರ ಬೇಡಿ. ರಾತ್ರಿ ಬಿಚ್ಚಿಕೊಂಡರೆ ಚುಚ್ಚುತ್ತದೆ, ಬಾಯಿಗೆ ಹಾಕಿಕೊಂಡರೆ ಇನ್ನೂ ಕಷ್ಟ. ನಾನು ಕ್ಲಿಪ್ ಹಾಕಿ ನೋಡಿದ್ದೆ. ಮಗ ರಗ್ಗಿನ ಒಳಗೇ ಕೆಳಗೆ ಜಾರಿ, ತಲೆ ಒಳಗೆ, ಕಾಲು ಹೊರಗೆ. ನೋಡಿದ ಕೂಡಲೇ ಜೀವ ಹೋದ ಹಾಗಾಯಿತು. ಅವತ್ತೇ ತೆಗೆದೆ.

ನಾವು ತೈಲ ತುಂಬಿದ ಹೀಟರ್ ತಂದಿದ್ದೇವೆ. ಆದರೆ ಹೀಟರ್ ರೂಮಿನ ಆಮ್ಲಜನಕ ಸುಟ್ಟು ಹಾಕುತ್ತದೆ ಅಂತ ಅಮ್ಮ ಹೇಳಿದ್ದರಿಂದ ಅರ್ಧ ಗಂಟೆ ಹಾಕಿ ಆರಿಸುತ್ತೇನೆ.

ಒಂದು ವಿಷಯ. ಬೆಂಗಳೂರಿನಲ್ಲಿ 1884ರ ಜನವರಿ 13ಕ್ಕೆ 7.8 ಡಿಗ್ರಿಗೆ ಇಳಿದಿತ್ತು. ಅದೇ ಇವತ್ತಿಗೂ ದಾಖಲೆ. ನಾವು 15ಕ್ಕೇ ಮಂಕಿ ಟೋಪಿ ಹಾಕಿಕೊಂಡು ಹಾಲು ತರುವವರು.

*

ಮೂಡಿಗೆರೆ ಮಂಜು
ಜನವರಿ 7, ಬೆಳಿಗ್ಗೆ 6.40

ನಮ್ಮದು ತೋಟದ ಮನೆ, ಹಂಚಿನ ಮಾಡು, ಚಳಿಗೆ ಹೆದರಿದರೆ ಬದುಕುವುದೇ ಕಷ್ಟ. ಎರಡು ಮಕ್ಕಳನ್ನು ಇಲ್ಲೇ ಬೆಳೆಸಿದ್ದೇನೆ.

ನೀವು ಮೇಲಿಂದ ಹೊದಿಸುವುದನ್ನೇ ಯೋಚನೆ ಮಾಡುತ್ತಿದ್ದೀರಿ. ಮಗು ಎಲ್ಲಿ ಮಲಗುತ್ತದೆ? ನೆಲದ ಮೇಲೆ ಹಾಸಿಗೆಯಾ? ಟೈಲ್ಸ್ ನೆಲ ಆದರೆ ತಣ್ಣಗಿರುವುದು ಕೆಳಗಿಂದಲೇ ಏರುತ್ತದೆ. ಮೊದಲು ಚಾಪೆ, ಅದರ ಮೇಲೆ ಮಡಿಸಿದ ಕಂಬಳಿ, ಅದರ ಮೇಲೆ ಹಾಸಿಗೆ. ಕೆಳಗಿನದನ್ನು ಮಗು ಒದ್ದು ತೆಗೆಯಲು ಆಗುವುದಿಲ್ಲ ನೋಡಿ! ಎಷ್ಟು ಸುತ್ತಿದರೂ ಅದು ಅಲ್ಲೇ ಇರುತ್ತದೆ.

ಹತ್ತಿ ಹಾಸಿಗೆ ಆದರೆ ಬಿಸಿಲು ಬಂದ ದಿನ ತಪ್ಪದೆ ಒಣಗಿಸಿ. ಮಡಿಕೇರಿಯಲ್ಲಿ ಮಳೆಗಾಲದ ತೇವ ಹಾಸಿಗೆಯಲ್ಲೇ ಕೂತಿರುತ್ತದೆ. ತೇವದ ಹಾಸಿಗೆ ಎಷ್ಟು ಹೊದ್ದರೂ ಬೆಚ್ಚಗಾಗುವುದಿಲ್ಲ.

ಬಿಸಿನೀರಿನ ಬ್ಯಾಗ್ ಇದ್ದರೆ ಮಲಗಿಸುವ 20 ನಿಮಿಷ ಮುಂಚೆ ಹಾಸಿಗೆ ಮೇಲಿಟ್ಟು, ಮಗುವನ್ನು ಮಲಗಿಸುವಾಗ ತೆಗೆದುಬಿಡಿ. ಮಗುವಿನ ಜೊತೆ ಬಿಡಬೇಡಿ. ನಮ್ಮ ದೊಡ್ಡವನ ಕಾಲಿಗೆ ಬೊಬ್ಬೆ ಬಂದಿತ್ತು, ಟವೆಲ್ ಸುತ್ತಿದ್ದರೂ. ಆ ಕಲೆ ಇವತ್ತಿಗೂ ಇದೆ. ನನ್ನದೇ ತಪ್ಪು.

*

ಸಿಸ್ಟರ್ ಅಕ್ಕ
ಜನವರಿ 7, ಮಧ್ಯಾಹ್ನ 2.15

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ತುಂಬಾ ವರ್ಷ ಆಯಿತು. ಮೊದಲು ಮಾಡಬಾರದ್ದು ಹೇಳಿಬಿಡುತ್ತೇನೆ.

ಕೆಂಡ ಬೇಡವೇ ಬೇಡ. ಮುಚ್ಚಿದ ರೂಮಿನಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಹೊಗೆ ಹೋದ ಮೇಲೆ ಇಟ್ಟರೆ ಪರವಾಗಿಲ್ಲ ಅನ್ನುತ್ತಾರೆ, ಅದು ಸುಳ್ಳು. ಹೊಗೆ ಇಲ್ಲದ ಕೆಂಡವೂ ಅದನ್ನೇ ಬಿಡುತ್ತದೆ. ಪ್ರತಿ ಚಳಿಗಾಲ ಇಂಥ ಸುದ್ದಿ ಪೇಪರಿನಲ್ಲಿ ಬರುತ್ತದೆ, ನೀವೂ ಓದಿರುತ್ತೀರಿ.

ಕರ್ಪೂರವೂ ಬೇಡ. ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಿಸಬಲ್ಲದು. ಕರ್ಪೂರ ಇರುವ ಬಾಮ್‌ಗಳನ್ನೂ 2 ವರ್ಷದ ಒಳಗೆ ಹಚ್ಚಬಾರದು. ಅತ್ತೆಗೆ ಬೇಜಾರಾಗದಂತೆ ಬರೀ ಕೊಬ್ಬರಿ ಎಣ್ಣೆ ಹಚ್ಚಿ, ಹಚ್ಚಿದೆ ಅಂತ ಹೇಳಿ. ಸುಳ್ಳೂ ಅಲ್ಲ. ಮೂಗು ಕಟ್ಟಿದ್ದಕ್ಕೆ ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಡ್ರಾಪ್ಸ್ ಸಾಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಕೈಕಾಲು ಮುಟ್ಟಿ ನೋಡುತ್ತಿದ್ದೀರಿ. ಚಿಕ್ಕ ಮಕ್ಕಳ ಕೈಕಾಲು ಬೆಚ್ಚಗಿದ್ದಾಗಲೂ ತಣ್ಣಗೆ ಅನಿಸುತ್ತದೆ. ಮುಟ್ಟಬೇಕಾದ್ದು ಕತ್ತಿನ ಹಿಂಭಾಗ, ಇಲ್ಲ ಎದೆ. ನಿಮ್ಮ ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲವೂ ಬಿಸಿಯಾಗಿಯೇ ಕಾಣುತ್ತದೆ. ಕತ್ತು ಒಣಗಿ ಬೆಚ್ಚಗಿದ್ದರೆ ಮಗು ಆರಾಮವಾಗಿದೆ. ಕತ್ತು ತಣ್ಣಗಿದ್ದರೆ ಇನ್ನೊಂದು ಬಟ್ಟೆ ಬೇಕು. ಒದ್ದೆಯಾಗಿದ್ದರೆ?

ಅದನ್ನೇ ನಿಮ್ಮನ್ನು ಕೇಳಬೇಕು. ಇವತ್ತು ರಾತ್ರಿ 11 ಗಂಟೆಗೆ ಒಂದು ಸಲ, 3 ಗಂಟೆಗೆ ಒಂದು ಸಲ ಸ್ವೆಟರ್ ಒಳಗೆ ಕೈ ಹಾಕಿ ನೋಡಿ ಬರೆಯಿರಿ. ಬನಿಯನ್ ಒದ್ದೆ ಇರುತ್ತದೆ ಅಂತ ನನ್ನ ಅನುಮಾನ.

*

ಕೌದಿ ಅಜ್ಜಿ
ಜನವರಿ 7, ಸಂಜೆ 5.30

ಧಾರವಾಡದಿಂದ ಬರೆಯುತ್ತೇನೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಾಳೆ.

ಆ ಮಿಂಕ್ ರಗ್ಗು ತೆಗೆದಿಡು ತಂಗಿ. ನಾನು ಹೊದ್ದು ನೋಡಿದ್ದೇನೆ, ಮೊದಲು ತಣ್ಣಗೆ, ಆಮೇಲೆ ಉಸಿರು ಕಟ್ಟಿದ ಹಾಗೆ ಸೆಕೆ. ನೈಲಾನ್ ತರಹದ್ದು ಗಾಳಿ ಆಡುವುದಿಲ್ಲ. ಮಗು ಒದೆಯದೆ ಏನು ಮಾಡೀತು?

ಕೂಸಿಗೆ ಕೌದಿ ಹೊದಿಸಬೇಕು. ಹಳೆ ಕಾಟನ್ ಸೀರೆ ನಾಲ್ಕೋ ಐದೋ ಪದರ ಹಾಕಿ, ಒತ್ತೊತ್ತಾಗಿ ದಾರ ಎಳೆದು ಹೊಲಿದದ್ದು. ಪದರದ ನಡುವೆ ನಿಂತ ಗಾಳಿಯೇ ಬೆಚ್ಚಗಿಡುತ್ತದೆ. ಬೆವರನ್ನೂ ಹೀರುತ್ತದೆ. ಹತ್ತು ಸಲ ಒಗೆದ ಸೀರೆ ಎಷ್ಟು ಮೆತ್ತಗೆ ಅಂತ ನಿನಗೇ ಗೊತ್ತು. ಹೊಸ ಬಟ್ಟೆ ಕೌದಿಗೆ ಬರುವುದಿಲ್ಲ, ಒರಟು. ನಮ್ಮಲ್ಲಿ ಅಜ್ಜಿಯ ಸೀರೆ, ಅವ್ವನ ಸೀರೆ ಸೇರಿಸಿ ಹೊಲಿಯುತ್ತೇವೆ. ಕೂಸಿಗೆ ಆ ವಾಸನೆ ಬೇಕು.

ತಲೆಗೆ ಕುಂಚಿಗೆ ಮಾತ್ರ ಬಿಡಬೇಡ. ಚಳಿ ಕಿವಿಯಿಂದಲೇ ಹೊಕ್ಕುವುದು.

*

ಸಿಸ್ಟರ್ ಅಕ್ಕ
ಜನವರಿ 7, ರಾತ್ರಿ 8.05

ಅಜ್ಜಿ, ಕೌದಿ ವಿಷಯಕ್ಕೆ ಕೈ ಮುಗಿಯುತ್ತೇನೆ. ಕುಂಚಿಗೆ ವಿಷಯಕ್ಕೆ ಸ್ವಲ್ಪ ಜಗಳ ಆಡಲೇ?

ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಮೈ ಬಿಸಿಯಾದರೆ ಆ ಬಿಸಿ ಹೊರಗೆ ಹೋಗುವ ದಾರಿ ಅದೇ. ನಿದ್ದೆಯಲ್ಲಿ ಅದನ್ನೂ ಮುಚ್ಚಿಬಿಟ್ಟರೆ ಮಗು ಎಲ್ಲಿಂದ ತಣಿಯಬೇಕು? ಟೋಪಿ ಜಾರಿ ಮುಖಕ್ಕೆ ಬರುವುದೂ ಇದೆ. ಕುಂಚಿಗೆಯ ದಾರ ಕತ್ತಿನಲ್ಲಿರುತ್ತದೆ. ಅದಕ್ಕೇ ಮನೆಯೊಳಗೆ ಮಲಗುವಾಗ ಟೋಪಿ ಬೇಡ ಅನ್ನುವುದು. ಹೊರಗೆ ಎತ್ತಿಕೊಂಡು ಹೋಗುವಾಗ ಧಾರಾಳವಾಗಿ ಹಾಕಿ.

ಇನ್ನೊಂದು. ಇಲ್ಲಿ ಚಿಕ್ಕ ಕೂಸು ಇರುವವರೂ ಓದುತ್ತಿರುತ್ತಾರೆ. ಒಂದು ವರ್ಷದ ಒಳಗಿನ ಮಗುವಿನ ಹಾಸಿಗೆಯಲ್ಲಿ ಕೌದಿ, ರಗ್ಗು, ದಿಂಬು ಯಾವುದೂ ಸಡಿಲವಾಗಿ ಇರಬಾರದು. ಮುಖದ ಮೇಲೆ ಬಿದ್ದರೆ ತೆಗೆಯಲು ಅದಕ್ಕೆ ಬರುವುದಿಲ್ಲ. ಅಂಗಾತ ಮಲಗಿಸಿ, ಬೆಚ್ಚಗಿನದನ್ನು ಮೈಗೇ ತೊಡಿಸಿ. ಪುಟ್ಟಿಗೆ 20 ತಿಂಗಳು, ತೆಳ್ಳಗಿನ ಹೊದಿಕೆ ಪರವಾಗಿಲ್ಲ.

*

ಬೀದರ್ ಅಣ್ಣ
ಜನವರಿ 7, ರಾತ್ರಿ 9.10

ಮಡಿಕೇರಿಯವರಿಗೆ ಮಾತ್ರ ಚಳಿ ಅಂದುಕೊಂಡಿದ್ದೀರಾ? ಬೀದರ್‌ಗೆ ಬನ್ನಿ ಜನವರಿಯಲ್ಲಿ. ಬೇಸಿಗೆಯಲ್ಲಿ ಬೇಯಿಸುವ ಊರು ಚಳಿಗಾಲದಲ್ಲಿ ನಡುಗಿಸುತ್ತದೆ.

ನಾವು ಟೋಪಿ ಹಾಕಿಯೇ ಬೆಳೆದವರು, ಏನೂ ಆಗಲಿಲ್ಲ. ಒಂದು ಹನಿ ಬ್ರಾಂದಿ ನಾಲಿಗೆಗೆ ಸವರುತ್ತಿದ್ದರು, ಬೆಳಗಿನವರೆಗೂ ಅಲುಗಾಡುತ್ತಿರಲಿಲ್ಲವಂತೆ.

*

ಸಿಸ್ಟರ್ ಅಕ್ಕ
ಜನವರಿ 7, ರಾತ್ರಿ 9.14

ಅಲುಗಾಡದಿರುವುದೇ ಅಪಾಯ ಅಣ್ಣ. ಹೆಂಡ ಮಗುವಿನ ರಕ್ತದ ಸಕ್ಕರೆ ಇಳಿಸುತ್ತದೆ, ಉಸಿರು ಮಂದ ಮಾಡುತ್ತದೆ. ಮೈ ಬೆಚ್ಚಗಾದ ಹಾಗೆ ಅನಿಸುತ್ತದೆ ಅಷ್ಟೇ, ನಿಜವಾಗಿ ಶಾಖ ಹೊರಗೆ ಹೋಗುತ್ತಿರುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

*

ಬೀದರ್ ಅಣ್ಣ
ಜನವರಿ 7, ರಾತ್ರಿ 9.20

ಸರಿ ಸಿಸ್ಟರ್. ನನ್ನ ಮಗನಿಗೆ ಕೊಟ್ಟಿಲ್ಲ, ಹಳೆ ಕಥೆ ಹೇಳಿದೆ ಅಷ್ಟೇ.

*

ಪುಟ್ಟಿಯಮ್ಮ
ಜನವರಿ 8, ಬೆಳಗಿನ ಜಾವ 3.22

ಸಿಸ್ಟರ್ ಅಕ್ಕ, ನೀವು ಹೇಳಿದ್ದು ಅಕ್ಷರಶಃ ನಿಜ. ಈಗ ಅವಳನ್ನು ತೊಡೆ ಮೇಲೆ ಹಾಕಿಕೊಂಡು ಒಂದು ಕೈಯಲ್ಲಿ ಬರೆಯುತ್ತಿದ್ದೇನೆ.

11 ಗಂಟೆಗೆ ನೋಡಿದೆ. ಕೈ ತಣ್ಣಗೆ, ಸ್ವೆಟರ್ ಒಳಗೆ ಕೈ ಹಾಕಿದರೆ ಬೆನ್ನು ಚಂಡಿ! ಬನಿಯನ್ ಹಿಂಡಬಹುದಿತ್ತು. ತಲೆಕೂದಲೂ ಒದ್ದೆ. ನಾನು ಇಷ್ಟು ದಿನ ಚಳಿ ಚಳಿ ಅಂತ ಮೇಲೆ ಮೇಲೆ ಹೊದಿಸುತ್ತಿದ್ದೆ. ಅವಳು ಪಾಪ ಸೆಕೆ ತಡೆಯದೆ ಒದೆಯುತ್ತಿದ್ದಳು. ಬನಿಯನ್ ಬದಲಾಯಿಸದೆ ಹಾಗೇ ನೋಡಿಕೊಂಡೆ. 3 ಗಂಟೆಗೆ ಅದೇ ಒದ್ದೆ ಬನಿಯನ್ ತಣ್ಣಗೆ ಮೈಗೆ ಅಂಟಿತ್ತು. ಅಳುತ್ತಾ ಎದ್ದಳು.

ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿದೆ.

*

ಸಿಸ್ಟರ್ ಅಕ್ಕ
ಜನವರಿ 8, ಬೆಳಿಗ್ಗೆ 7.00

ಸಿಟ್ಟು ಬೇಡ. ಎಲ್ಲ ಅಮ್ಮಂದಿರೂ ಹೀಗೇ ಮಾಡುವುದು. ವಾರ್ಡಿನಲ್ಲಿ ಜ್ವರ ಬಂದ ಮಕ್ಕಳನ್ನೂ ಮೂರು ಸ್ವೆಟರ್ ಹಾಕಿ ತರುತ್ತಾರೆ.

ಯಾಕೆ ಹೀಗೆ ಆಗುತ್ತದೆ ಹೇಳುತ್ತೇನೆ. ನಿದ್ದೆ ಹತ್ತುವಾಗ ಮೈ ತನ್ನ ಬಿಸಿಯನ್ನು ಹೊರಗೆ ಬಿಡುತ್ತದೆ, ಆಗಲೇ ಗಾಢ ನಿದ್ದೆ ಬರುವುದು. ಮೊದಲ ಎರಡು ಮೂರು ಗಂಟೆ ಮಕ್ಕಳು ತುಂಬಾ ಬೆವರುತ್ತಾರೆ, ಅದರಲ್ಲೂ ತಲೆ. ಆ ಹೊತ್ತಿನಲ್ಲಿ ಹೊದಿಕೆ ಭಾರ ಅನಿಸಿದರೆ ಒದೆಯುತ್ತಾರೆ. ಆಮೇಲೆ ಮೈಯ ಉಷ್ಣ ಇಳಿಯುತ್ತಾ ಹೋಗಿ ಬೆಳಗಿನ ಜಾವಕ್ಕೆ ಎಲ್ಲಕ್ಕಿಂತ ಕಮ್ಮಿ ಇರುತ್ತದೆ. ರೂಮೂ ಆಗಲೇ ತಣ್ಣಗಾಗುವುದು. ನಿದ್ದೆಯೂ ಆಗ ತೆಳ್ಳಗಿರುತ್ತದೆ, ಸಣ್ಣ ಚಳಿಗೂ ಎಚ್ಚರ.

ನಾವು ಮಾಡುವ ತಪ್ಪು ಏನು ಅಂದರೆ, 3 ಗಂಟೆಯ ಚಳಿಗೆ 9 ಗಂಟೆಗೇ ಬಟ್ಟೆ ಹಾಕುವುದು.

ಇವತ್ತು ರಾತ್ರಿ ಬರೀ ಮೆತ್ತಗಿನ ಕಾಟನ್ ಪೂರ್ತಿ ತೋಳಿನ ಅಂಗಿ, ಪ್ಯಾಂಟ್, ಮೇಲೊಂದು ತೆಳ್ಳಗಿನ ಸ್ವೆಟರ್. ನೀವು ಮಲಗುವ ಹೊತ್ತಿಗೆ, 11 ಗಂಟೆಗೆ, ಕತ್ತು ಮುಟ್ಟಿ ನೋಡಿ. ಒಣಗಿದ್ದರೆ ಆಗ ಇನ್ನೊಂದು ಪದರ ಸೇರಿಸಿ.

*

ಹೊಲಿಗೆ ಮಿಷನ್
ಜನವರಿ 8, ಬೆಳಿಗ್ಗೆ 11.35

ನೀವು ಹೊದಿಸುವುದು, ಅವಳು ಒದೆಯುವುದು, ಈ ಕುಸ್ತಿ ಯಾಕೆ? ಹೊದಿಕೆಯನ್ನೇ ತೊಡಿಸಿಬಿಡಿ. ಮಲಗುವ ಚೀಲ, ಸ್ಲೀಪ್ ಸ್ಯಾಕ್ ಅನ್ನುತ್ತಾರಲ್ಲ, ಅದು. ನಾನು ತುಮಕೂರಿನಲ್ಲಿ ಟೈಲರಿಂಗ್ ಮಾಡುತ್ತೇನೆ. ನನ್ನ ಮಗನಿಗೂ ಅಕ್ಕಪಕ್ಕದ ಮಕ್ಕಳಿಗೂ ಹೊಲಿದಿದ್ದೇನೆ. ಆನ್‌ಲೈನ್‌ನಲ್ಲಿ ಸಿಗುತ್ತದೆ, ಆದರೆ ಮನೆಯಲ್ಲಿ ಹಳೆ ಕಾಟನ್ ಸೀರೆ, ಎರಡು ಮೀಟರ್ ಫ್ಲಾನೆಲ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ.

ತೋಳಿಲ್ಲದ ಉದ್ದನೆಯ ಅಂಗಿ ಅಂದುಕೊಳ್ಳಿ. ಕೈ ಹೊರಗೆ, ಎದೆಯಿಂದ ಕಾಲಿನವರೆಗೆ ಒಳಗೆ. ಹೊರಗೆ ಫ್ಲಾನೆಲ್, ಒಳಗೆ ಸೀರೆಯ ಎರಡು ಪದರ. ಎರಡನ್ನೂ ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಿ. ನಾನು ಮೊದಲನೆಯದಕ್ಕೆ ಒಗೆಯದೆ ಹೊಲಿದೆ, ಒಂದೇ ವಾಶ್‌ಗೆ ಒಳಗಿನ ಬಟ್ಟೆ ಕುಗ್ಗಿ ಚೀಲ ಬಾಳೆಕಾಯಿಯ ಹಾಗೆ ಬಾಗಿತು.

ಉದ್ದ: ಹೆಗಲಿನಿಂದ ಹಿಮ್ಮಡಿವರೆಗೆ ಅಳೆದು 10 ಸೆಂಟಿಮೀಟರ್ ಸೇರಿಸಿ. ಎದೆ ಹತ್ತಿರ ಮೈಗೆ ಹೊಂದಬೇಕು, ಕೆಳಗೆ ಹೋದಂತೆ ಅಗಲವಾಗಬೇಕು. ಮಗು ಮಂಡಿ ಮಡಿಸಿ ಕಪ್ಪೆಯ ಹಾಗೆ ಕಾಲು ಅಗಲಿಸಿ ಮಲಗುವಷ್ಟು ಜಾಗ ಇರಲಿ. ಕಾಲು ಜೋಡಿಸಿ ಬಿಗಿದರೆ ಸೊಂಟಕ್ಕೆ ಒಳ್ಳೆಯದಲ್ಲ.

ಕತ್ತು ಮಾತ್ರ ತುಂಬಾ ಜಾಗ್ರತೆ. ಜಿಪ್ ಹಾಕಿದ ಮೇಲೆ ನಿಮ್ಮ ಎರಡು ಬೆರಳು ಹೋಗುವಷ್ಟು ಸಾಕು. ದೊಡ್ಡದಾದರೆ ಮಗು ಒಳಗೆ ಜಾರುತ್ತದೆ, ಚೀಲದ ಉದ್ದೇಶವೇ ಹಾಳು. ದೊಡ್ಡ ಸೈಜ್ ಹೊಲಿಸಿ, ಎರಡು ವರ್ಷ ಬರಲಿ ಅನ್ನುವ ನಮ್ಮ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಗುಂಡಿ, ಟಿಚ್ ಬಟನ್, ದಾರ, ಗೊಂಡೆ ಯಾವುದೂ ಬೇಡ. ಉದ್ದ ಜಿಪ್ ಹಾಕಿ, ಅದೂ ತಲೆಕೆಳಗಾಗಿ. ಅಂದರೆ ಕತ್ತಿನ ಹತ್ತಿರ ಶುರುವಾಗಿ ಕಾಲಿನ ಹತ್ತಿರ ಮುಚ್ಚಬೇಕು. ಇದರಿಂದ ಎರಡು ಲಾಭ. ಮಧ್ಯರಾತ್ರಿ ಡೈಪರ್ ಬದಲಾಯಿಸುವಾಗ ಕೆಳಗಿಂದ ತೆರೆದರೆ ಎದೆ ಬೆಚ್ಚಗೇ ಇರುತ್ತದೆ. ಮಗುವಿಗೆ ಜಿಪ್ ಎಳೆಯಲು ಕೈ ಸಿಗುವುದಿಲ್ಲ. ಗದ್ದಕ್ಕೆ ಚುಚ್ಚದ ಹಾಗೆ ಜಿಪ್ಪಿನ ತುದಿಗೆ ಒಂದು ಬಟ್ಟೆ ಪಟ್ಟಿ ಹೊಲಿಯಿರಿ.

20 ತಿಂಗಳು ಅಂದರೆ ನಡೆಯುತ್ತಾಳೆ, ಅಲ್ವಾ? ಹಾಗಾದರೆ ತಳ ಮುಚ್ಚಬೇಡಿ. ಎದ್ದು ನಿಂತು ಓಡಲು ಹೋಗಿ ಮುಗ್ಗರಿಸುತ್ತಾಳೆ. ಕೆಳಗೆ ಎರಡು ಕಾಲಿಗೆ ಬೇರೆ ಬೇರೆ ತೂತು ಬಿಟ್ಟು, ಹೆಣೆದ ಬನಿಯನ್ ಬಟ್ಟೆಯ ಪಟ್ಟಿ ಕೊಡಿ. ಹೊಲಿಗೆಯೆಲ್ಲ ಮುಗಿದ ಮೇಲೆ ಒಳಗೆ ತಿರುಗಿಸಿ ಜೋತಾಡುವ ದಾರದ ತುದಿ ಕತ್ತರಿಸಿ. ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡುವುದಿಲ್ಲ.

ಕೌದಿ ಅಜ್ಜಿ, ನಿಮ್ಮ ಸೀರೆ ವಿಷಯ ಓದಿ ಖುಷಿ ಆಯಿತು. ಇದೂ ಒಂದು ಕೌದಿಯೇ, ಜಿಪ್ ಹಾಕಿದ್ದು ಅಷ್ಟೇ.

*

ಕೌದಿ ಅಜ್ಜಿ
ಜನವರಿ 8, ಮಧ್ಯಾಹ್ನ 1.00

ಕೌದಿಗೆ ಜಿಪ್! ಇದನ್ನೂ ನೋಡುವ ಕಾಲ ಬಂತು. ಫೋಟೋ ಹಾಕು ತಂಗಿ, ನೋಡೋಣ.

*

ಮಿನ್ನೆಸೋಟ ಮೀನಾಕ್ಷಿ
ಜನವರಿ 8, ರಾತ್ರಿ 9.45

ಮೂಲ ಶಿವಮೊಗ್ಗ, ಈಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಹೊರಗೆ ಇವತ್ತು ಮೈನಸ್ 22. ಆದರೆ ನನ್ನ ಮಗ ರಾತ್ರಿ ಹಾಕಿಕೊಳ್ಳುವುದು ಪುಟ್ಟಿಗಿಂತ ಕಮ್ಮಿ ಬಟ್ಟೆ! ಒಂದು ಕಾಟನ್ ಜೋಡಿ, ಮೇಲೊಂದು ಸ್ಲೀಪ್ ಸ್ಯಾಕ್, ಅಷ್ಟೇ. ಮನೆಯೊಳಗೆ 20 ಡಿಗ್ರಿ ಇರುತ್ತದೆ.

ಊರಿಂದ ಅಮ್ಮ ಬಂದಾಗ ಇದೇ ಜಗಳ. ಹೊರಗಿನ ಹಿಮ ನೋಡಿ ಮಗುವಿಗೆ ಸ್ವೆಟರ್ ಹಾಕುತ್ತಿದ್ದರು. ಅಮ್ಮಾ, ಮಗು ಮಲಗುವುದು ಹಿಮದಲ್ಲಿ ಅಲ್ಲ, ರೂಮಿನಲ್ಲಿ ಅಂತ ಎಷ್ಟು ಸಲ ಹೇಳಿದೆನೋ.

ಕೊಂಡುಕೊಳ್ಳುವವರಿಗೆ ಒಂದು ಮಾತು. ಚೀಲದ ಮೇಲೆ ಟಾಗ್ ಅಂತ ಒಂದು ಅಂಕಿ ಇರುತ್ತದೆ, ಎಷ್ಟು ಬೆಚ್ಚಗೆ ಅಂತ ಹೇಳುವ ಅಳತೆ. ಸಾಮಾನ್ಯವಾಗಿ 1 ಟಾಗ್ 20ರಿಂದ 24 ಡಿಗ್ರಿ ರೂಮಿಗೆ, 2.5 ಟಾಗ್ 16ರಿಂದ 20 ಡಿಗ್ರಿ ರೂಮಿಗೆ. ಮಡಿಕೇರಿಗೆ 2.5 ಸರಿಹೋಗಬಹುದು. ಒಳಗೆ ಕಾಟನ್ ಮಾತ್ರ ಹಾಕಿ. ಉಡುಪಿಗೆ ವಾಪಸ್ ಹೋದರೆ ಅದನ್ನು ಮಡಿಸಿ ಅಟ್ಟಕ್ಕೆ ಹಾಕಿಬಿಡಿ.

ಭಾರ ತುಂಬಿದ ಚೀಲಗಳೂ ಸಿಗುತ್ತವೆ, ಮಗು ಅಪ್ಪಿಕೊಂಡ ಹಾಗೆ ಮಲಗುತ್ತದೆ ಅಂತ ಜಾಹೀರಾತು. ಅವು ಮಕ್ಕಳಿಗೆ ಬೇಡ ಅಂತಲೇ ಇಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು.

*

ಕರೆಂಟ್ ಮಾಮ
ಜನವರಿ 8, ರಾತ್ರಿ 10.20

ನಿದ್ದೆಗೆಟ್ಟ ಅಪ್ಪ ಅವರಿಗೆ: ಕರೆಂಟ್ ಹೀಟರ್ ಆಮ್ಲಜನಕ ಸುಡುವುದಿಲ್ಲ ಸ್ವಾಮಿ. ಅದರಲ್ಲಿ ಏನೂ ಉರಿಯುವುದೇ ಇಲ್ಲ, ತಂತಿ ಕಾಯುತ್ತದೆ ಅಷ್ಟೇ. ಸುಡುವುದು ಇದ್ದಿಲು, ಗ್ಯಾಸ್, ಸೀಮೆಎಣ್ಣೆ. ಹೀಟರ್ ಹಾಕಿದರೆ ಮೂಗು ಒಣಗುವುದು ಬೇರೆ ಕಾರಣಕ್ಕೆ. ಗಾಳಿ ಬಿಸಿಯಾದರೆ ಅದಕ್ಕೆ ಹೆಚ್ಚು ನೀರು ಬೇಕು, ಮೂಗಿನಿಂದ, ತುಟಿಯಿಂದ ಹೀರುತ್ತದೆ.

ನಿಜವಾದ ಅಪಾಯ ಗೋಡೆಯಲ್ಲಿದೆ. 2000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪ್ಲಗ್ಗಿಗೆ, ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ವೈರ್ ಕರಗುತ್ತದೆ. ಗೀಸರ್, ಎಸಿಗೆ ಇರುವ 16 ಆಂಪಿಯರ್ ಪಾಯಿಂಟಿಗೇ ಹಾಕಬೇಕು. ಬಾಡಿಗೆ ಮನೆಯ ಬೆಡ್‌ರೂಮಿನಲ್ಲಿ ಅದು ಇರುವುದೇ ಅಪರೂಪ, ಮೊದಲು ನೋಡಿ. ಹಾಸಿಗೆ, ಪರದೆಯಿಂದ ಮೂರು ಅಡಿ ದೂರ ಇಡಿ. ಕೆಂಪಗೆ ಕಾಣುವ ರಾಡ್ ಹೀಟರ್ ಮಕ್ಕಳಿರುವ ಮನೆಗೆ ತರಲೇಬೇಡಿ, ಕೈ ಹಾಕದೆ ಬಿಡುವುದಿಲ್ಲ.

*

ನಿದ್ದೆಗೆಟ್ಟ ಅಪ್ಪ
ಜನವರಿ 8, ರಾತ್ರಿ 11.02

ಈಗಷ್ಟೇ ಹೋಗಿ ನೋಡಿದೆ. ನಮ್ಮದು ಎಕ್ಸ್‌ಟೆನ್ಶನ್ ಬಾಕ್ಸಿನಲ್ಲೇ ಇತ್ತು. ಮುಟ್ಟಿದರೆ ಬಾಕ್ಸ್ ಬಿಸಿ. ಕಿತ್ತು ಹಾಕಿದ್ದೇನೆ. ಅಮ್ಮನ ಆಮ್ಲಜನಕದ ಮಾತು ತಪ್ಪಾದರೂ ಅದರಿಂದ ಅರ್ಧ ಗಂಟೆಗೆ ಆರಿಸುತ್ತಿದ್ದೆ ನೋಡಿ, ಅದೇ ನಮ್ಮನ್ನು ಕಾಪಾಡಿದೆ.

*

ಬೀದರ್ ಅಣ್ಣ
ಜನವರಿ 9, ಬೆಳಿಗ್ಗೆ 10.15

ಬ್ರಾಂದಿ ಬಿಟ್ಟು ಒಂದು ಉಪಯೋಗದ ಮಾತು ಹೇಳುತ್ತೇನೆ. ನನ್ನ ಮಗ ಮೂರು ವರ್ಷದವನಿದ್ದಾಗ ಇದೇ ತರಹ ರಾತ್ರಿಯಿಡೀ ಹೊರಳಾಡುತ್ತಿದ್ದ. ಚಳಿ ಅಂದುಕೊಂಡೆವು, ರಜಾಯಿ ತಂದೆವು. ಕೊನೆಗೆ ನೋಡಿದರೆ ಕುಂಡಿ ಕೆರೆದುಕೊಳ್ಳುತ್ತಿದ್ದಾನೆ. ಜಂತುಹುಳ! ಡಾಕ್ಟರ್ ಮಾತ್ರೆ ಕೊಟ್ಟರು, ಮನೆಮಂದಿಗೆಲ್ಲ. ರಜಾಯಿ ದುಡ್ಡು ದಂಡ.

*

ಸಿಸ್ಟರ್ ಅಕ್ಕ
ಜನವರಿ 9, ಮಧ್ಯಾಹ್ನ 1.40

ಇದು ಚಿನ್ನದಂಥ ಮಾತು ಅಣ್ಣ. ಆ ಸಣ್ಣ ಬಿಳಿ ಹುಳ ರಾತ್ರಿಯೇ ಹೊರಬಂದು ಮೊಟ್ಟೆ ಇಡುವುದು. ಅದಕ್ಕೇ ಹಗಲು ಇಲ್ಲದ ತುರಿಕೆ ರಾತ್ರಿ. ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳ ನಿವಾರಣಾ ದಿನಕ್ಕೆ ಅಲ್ಬೆಂಡಜೋಲ್ ಉಚಿತವಾಗಿ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಿನಲ್ಲಿ. ಪುಟ್ಟಿಗೆ ತುರಿಕೆ ಇದ್ದರೆ ಅಲ್ಲಿಯವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ.

ಬಟ್ಟೆ ಸರಿ ಮಾಡಿದರೂ ಹೊರಳಾಟ ನಿಲ್ಲದಿದ್ದರೆ ಇನ್ನೆರಡು ನೋಡಬೇಕು. ದಿನಾ ಗೊರಕೆ ಹೊಡೆದು ಬಾಯಿಂದ ಉಸಿರಾಡುತ್ತಿದ್ದರೆ ಅಡಿನಾಯ್ಡ್, ಅಂದರೆ ಮೂಗಿನ ಹಿಂಭಾಗದಲ್ಲಿರುವ ಗ್ರಂಥಿ, ಊದಿರಬಹುದು. ಮುಖ ಬಿಳಿಚಿಕೊಂಡು, ನಿದ್ದೆಯಲ್ಲಿ ಕಾಲು ಆಡಿಸುತ್ತಲೇ ಇದ್ದರೆ ಕಬ್ಬಿಣದ ಅಂಶ ಕಮ್ಮಿ ಇರಬಹುದು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಮ್ಮ ಮಕ್ಕಳಲ್ಲಿ ಇದು ತುಂಬಾ ಜಾಸ್ತಿ.

ಮೂಗು ಕಟ್ಟಿದ್ದು ಅಂದಿರಲ್ಲ. ಒಂದು ವರ್ಷ ದಾಟಿದ ಮಗು ಸುಮ್ಮನೆ ಮಲಗಿರುವಾಗ ಒಂದು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ, ಬೆಳಗಾಗುವುದನ್ನು ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

*

ಸುಮ್ನೆ ಓದುವವಳು
ಜನವರಿ 9, ಸಂಜೆ 4.30

ನಮ್ಮ ಮನೆಯಲ್ಲಿ ಡೈಪರ್ ಸೋರಿ 4 ಗಂಟೆಗೆ ಹಾಸಿಗೆ ಒದ್ದೆ, ಮಗು ಚಳಿಗೆ ಎದ್ದೇಳುತ್ತಿತ್ತು. ರಾತ್ರಿಗೆ ಮಾತ್ರ ಒಂದು ಸೈಜ್ ದೊಡ್ಡ ಡೈಪರ್ ಹಾಕಿದೆ. ಸಮಸ್ಯೆ ಮುಗಿಯಿತು. ಇಷ್ಟೇ.

*

ಪುಟ್ಟಿಯಮ್ಮ
ಜನವರಿ 13, ಬೆಳಿಗ್ಗೆ 9.30

ಕ್ಷಮಿಸಿ, ನಾಲ್ಕು ದಿನ ಬರೆಯಲು ಆಗಲಿಲ್ಲ. ನಿದ್ದೆ ಮಾಡುತ್ತಿದ್ದೆ!

ಏನೇನು ಮಾಡಿದೆ ಅಂದರೆ, ಟೋಪಿ, ಸಾಕ್ಸ್, ಮಿಂಕ್ ರಗ್ಗು ಮೂರೂ ತೆಗೆದೆ. ಹಾಸಿಗೆ ಕೆಳಗೆ ಚಾಪೆ, ಕಂಬಳಿ ಹಾಕಿದೆ. ಮೊದಲ ರಾತ್ರಿ ನನಗೇ ಸಮಾಧಾನ ಇಲ್ಲ, ಮಗು ಬರಿಗಾಲಲ್ಲಿ ಮಲಗಿದೆ ಅಂತ. ನಾಲ್ಕು ಸಲ ಎದ್ದು ಕತ್ತು ಮುಟ್ಟಿದೆ. ನಾಲ್ಕು ಸಲವೂ ಒಣ, ಬೆಚ್ಚಗೆ. ನನ್ನ ಕೈ ತಾಗಿ ಒಂದು ಸಲ ಎದ್ದಳು, ಅದು ನನ್ನ ತಪ್ಪು.

ಎರಡನೆಯ ರಾತ್ರಿ 3.30ಕ್ಕೆ ಮತ್ತೆ ಎದ್ದಳು. ಕತ್ತು ಸ್ವಲ್ಪ ತಣ್ಣಗಿತ್ತು. 11 ಗಂಟೆಗೆ ಪದರ ಸೇರಿಸುವುದನ್ನು ಮರೆತು ನಾನೇ ಮಲಗಿಬಿಟ್ಟಿದ್ದೆ. ಈಗ ಅಲಾರಾಂ ಇಟ್ಟಿದ್ದೇನೆ.

ಹೊಲಿಗೆ ಮಿಷನ್ ಅಕ್ಕ, ನೀವು ಹೇಳಿದ ಅಳತೆ ಬರೆದುಕೊಂಡು ಇಲ್ಲಿಯ ಟೈಲರ್ ಹತ್ತಿರ ಹೋದೆ. ಅವರಿಗೆ ಅರ್ಥ ಮಾಡಿಸುವುದೇ ಒಂದು ಸಾಹಸ. ಮಗುವಿಗೆ ಗೋಣಿಚೀಲ ಯಾಕೆ ಮೇಡಂ ಅಂದರು. ಜಿಪ್ ತಲೆಕೆಳಗಾಗಿ ಅಂದಾಗ ನನ್ನ ಮುಖ ನೋಡಿದರು. ನನ್ನ ಬಾಣಂತನದಲ್ಲಿ ಉಟ್ಟ ಎರಡು ಕಾಟನ್ ಸೀರೆ ಕೊಟ್ಟಿದ್ದೇನೆ. ಮೊನ್ನೆ ಸಿಕ್ಕಿತು. ಹಾಕಿದ ಮೊದಲ ದಿನ ಕನ್ನಡಿ ಮುಂದೆ ನಿಂತು ಕುಣಿದಳು, ಬಿಚ್ಚಲು ಬಿಡಲಿಲ್ಲ. ನಿನ್ನೆ 9 ಗಂಟೆಯಿಂದ 5.40ರವರೆಗೆ ಒಂದೇ ನಿದ್ದೆ. ಒದೆಯುತ್ತಾಳೆ, ಆದರೆ ಒದೆಯಲು ಏನೂ ಇಲ್ಲ.

ಅತ್ತೆಗೆ ಎಣ್ಣೆ ಹಚ್ಚಿದೆ ಅಂತ ಹೇಳಿದ್ದೇನೆ. ಕರ್ಪೂರ ಎಷ್ಟು ಹಾಕಿದೆ ಅಂತ ಕೇಳಲಿಲ್ಲ, ದೇವರ ದಯೆ.

*

ಹೊಲಿಗೆ ಮಿಷನ್
ಜನವರಿ 13, ಬೆಳಿಗ್ಗೆ 11.10

ಗೋಣಿಚೀಲ! ನನಗೂ ಅದನ್ನೇ ಅಂದಿದ್ದರು. ಇನ್ನೊಂದು ಹೊಲಿಸಿಡಿ. ಮಡಿಕೇರಿ ಚಳಿಗೆ ಒಗೆದದ್ದು ಒಂದು ದಿನಕ್ಕೆ ಒಣಗುವುದಿಲ್ಲ.

*

ಪುಟ್ಟಿಯಮ್ಮ
ಜನವರಿ 13, ಮಧ್ಯಾಹ್ನ 12.05

ಹೊಲಿಸುತ್ತೇನೆ ಅಕ್ಕ. ಅತ್ತೆ ಬರುವ ವಾರ ಬರುತ್ತಿದ್ದಾರೆ. ಪುಟ್ಟಿ ಚೀಲ ಹಾಕಿಕೊಂಡೂ ಉತ್ತರಕ್ಕೇ ತಲೆ ಹಾಕುತ್ತಾಳೆ. ಅದಕ್ಕೆ ಏನಾದರೂ ಹೊಲಿಗೆ ಇದೆಯಾ?

*

ಕೌದಿ ಅಜ್ಜಿ
ಜನವರಿ 13, ಮಧ್ಯಾಹ್ನ 12.40

ಅತ್ತೆ ಏಳುವ ಮೊದಲು ನೀನೇ ಎದ್ದು ತಿರುಗಿಸಿಬಿಡು ತಂಗಿ. ನಾವೆಲ್ಲ ಹಾಗೇ ಮಾಡಿದ್ದು.